ರಸ್ತೆಯಲ್ಲಿ ಹುಟ್ಟಿದ ಅಕ್ಷರ: ಬೈರಕೂರು ಸೀಮೆಯ ದಪ್ಪ ಓರೆ ಬರಹ

ಮುಳಬಾಗಿಲಿಗೆ ರೈಲು ಇನ್ನೂ ಬಂದಿಲ್ಲ. ಕೋಲಾರ, ಬಂಗಾರಪೇಟೆ, ಮಾಲೂರು, ಶ್ರೀನಿವಾಸಪುರಗಳಲ್ಲಿ ಹಳಿ ಇದೆ, ನಿಲ್ದಾಣವಿದೆ, ಹಳದಿ ಹಲಗೆಯ ಮೇಲೆ ಕಪ್ಪು ಬಣ್ಣದಲ್ಲಿ ನೆಟ್ಟಗೆ ನಿಂತ ಊರಹೆಸರಿದೆ. ಮುಳಬಾಗಿಲಿಗೂ ಅಲ್ಲಿಂದ ಪೂರ್ವಕ್ಕೆ ಆಂಧ್ರದ ಗಡಿ ಮುಟ್ಟುವ ಬೈರಕೂರು ಹೋಬಳಿಯ ಹಳ್ಳಿಗಳಿಗೂ ಹೊರಗಿನ ಲೋಕ ಬಂದದ್ದು ರಸ್ತೆಯ ಮೇಲೆ. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲು, ನಂಗಲಿ ದಾಟಿ ಪಲಮನೇರು, ಚಿತ್ತೂರಿನ ಕಡೆಗೆ ಇಳಿಯುವ ಹಳೆಯ ಮದ್ರಾಸ್ ರಸ್ತೆಯೇ ಈ ಸೀಮೆಯ ಹೆಬ್ಬಾಗಿಲು. ಆ ರಸ್ತೆಯಲ್ಲಿ ಬಸ್ಸು ಬಂತು, ಲಾರಿ ಬಂತು, ಈಚೆಗೆ ಟೊಮೆಟೊ ಹೊತ್ತ ಟೆಂಪೊಗಳು ಬಂದವು. ಅವುಗಳ ಮೈಮೇಲೆ ಒಂದು ಬಗೆಯ ಅಕ್ಷರವೂ ಬಂತು. ದಪ್ಪ ಗೆರೆ, ಎಲ್ಲ ಕಡೆ ಒಂದೇ ಅಗಲ, ಬಾಲ ಬಳುಕುಗಳಿಲ್ಲದ ಸರಳ ಮೈಕಟ್ಟು, ಬಲಕ್ಕೆ ಬಾಗಿದ ನಿಲುವು. ಇಂಗ್ಲಿಷ್ ಅಚ್ಚಿನವರು ಬೋಲ್ಡ್ ಇಟಾಲಿಕ್ ಸಾನ್ಸ್ ಸೆರಿಫ್ ಎನ್ನುವ ಜಾತಿಗೆ ಕನ್ನಡದಲ್ಲಿ ಸರಿಸಾಟಿಯಾದದ್ದು ಇದೊಂದೇ. ಕನ್ನಡ ಮುದ್ರಣದ ಚರಿತ್ರೆಯನ್ನು ಹೇಳುವಾಗ ಇದರ ಮಾತು ಬರುವುದು ತೀರ ಅಪರೂಪ. ಯಾಕೆಂದರೆ ಇದು ಅಚ್ಚುಮನೆಯಲ್ಲಿ ಹುಟ್ಟಲಿಲ್ಲ. ಮೊಳೆ ಎರಕದವರು ಕೈಬಿಟ್ಟಿದ್ದ ಒಂದು ಕೆಲಸವನ್ನು ಬೋರ್ಡ್ ಬರೆಯುವ ಪೇಂಟರುಗಳು ಬ್ರಷ್ ಹಿಡಿದು ಪೂರ್ತಿ ಮಾಡಿದರು. ಆದ್ದರಿಂದ ಕನ್ನಡ ಲಿಪಿಯ ಆಧುನಿಕ ಚರಿತ್ರೆಯಲ್ಲಿ ಅವರಿಗೆ ಮೊಳೆ ಕೊರೆದವರಷ್ಟೇ ಜಾಗ ಸಲ್ಲಬೇಕೆಂಬುದು ಈ ಲೇಖನದ ವಾದ.

ಮೊದಲು ಯೂರೋಪಿನ ಕಥೆಯನ್ನು ನೋಡಿದರೆ ನಮ್ಮ ಕಥೆಯ ಕೊರತೆ ಎಲ್ಲಿ ಎಂಬುದು ತಿಳಿಯುತ್ತದೆ. 1501ರಲ್ಲಿ ವೆನಿಸ್ ನಗರದ ಆಲ್ಡಸ್ ಮನೂಷಿಯಸ್ ರೋಮನ್ ಕವಿ ವರ್ಜಿಲನ ಕೃತಿಯನ್ನು ಚಿಕ್ಕ ಆಕಾರದಲ್ಲಿ ಅಚ್ಚು ಹಾಕಿದ. ಅದಕ್ಕೆ ಬಳಸಿದ ಓರೆ ಮೊಳೆಯನ್ನು ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಗ್ರಿಫೊ ಅದನ್ನು ಶೂನ್ಯದಿಂದ ಕಲ್ಪಿಸಲಿಲ್ಲ. ಇಟಲಿಯ ವಿದ್ವಾಂಸರೂ ಕಚೇರಿಯ ಬರಹಗಾರರೂ ವೇಗವಾಗಿ ಬರೆಯುವಾಗ ಅವರ ಕೈ ತಾನಾಗಿ ಹಿಡಿಯುತ್ತಿದ್ದ ವಾಲನ್ನೇ ಲೋಹಕ್ಕೆ ಇಳಿಸಿದ. ಹೀಗೆ ಕಚೇರಿಯ ಕೈಬರಹ ಅಚ್ಚಿನೊಳಗೆ ಬಂದು, ಕಾಲಕ್ರಮದಲ್ಲಿ ನೆಟ್ಟಗಿನ ಅಕ್ಷರಕ್ಕೆ ಜೊತೆಗಾರನಾಗಿ, ಒತ್ತಿ ಹೇಳಬೇಕಾದ ಮಾತಿಗೆ ಒದಗಿತು. ಬಾಲವಿಲ್ಲದ ಅಕ್ಷರ ಬಂದದ್ದು ಮೂರು ಶತಮಾನಗಳ ನಂತರ. ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ 1816ರಲ್ಲಿ ಅಂಥ ಮೊಳೆಯ ಮಾದರಿಯನ್ನು ಮೊದಲ ಸಲ ಪ್ರಕಟಿಸಿದ. ಕಾರ್ಖಾನೆಗಳ ಯುಗಕ್ಕೆ ಪುಸ್ತಕದ ಅಕ್ಷರ ಸಾಲದಾಗಿತ್ತು, ದೂರದಿಂದ ಕಣ್ಣಿಗೆ ಹೊಡೆಯುವ ಭಿತ್ತಿಪತ್ರದ ಅಕ್ಷರ ಬೇಕಾಗಿತ್ತು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಕ್ಷರಗಳನ್ನು ಯಂತ್ರದಿಂದ ಕೆತ್ತುವ ದಾರಿ ಕಂಡುಕೊಂಡ ಮೇಲೆ ಮೊಣಕೈಯುದ್ದದ ಅಕ್ಷರವೂ ಅಗ್ಗವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಈ ಎರಡು ಧಾರೆಗಳು, ಅಂದರೆ ಓರೆಯೂ ಬಾಲವಿಲ್ಲದ ದಪ್ಪವೂ, ಕೂಡಿದವು. ಕಾರು, ವಿಮಾನ, ಪಂದ್ಯ, ಸರಕು ಸಾಗಣೆ, ಎಲ್ಲೆಲ್ಲಿ ವೇಗದ ಮಾತಿತ್ತೋ ಅಲ್ಲೆಲ್ಲ ಆ ಅಕ್ಷರ ನಿಂತಿತು. 1951ರಲ್ಲಿ ಫ್ರಾನ್ಸಿನ ರೋಜರ್ ಎಕ್ಸ್‌ಕಫಾನ್ ರೂಪಿಸಿದ ಬ್ಯಾಂಕೊ ಎಂಬ ಅಚ್ಚು ಇದಕ್ಕೆ ಒಳ್ಳೆಯ ಉದಾಹರಣೆ. ಮುಂದಕ್ಕೆ ವಾಲಿದ ದಪ್ಪ ಅಕ್ಷರಗಳ ಆ ಅಚ್ಚು ಪುಸ್ತಕದ ಒಳಪುಟಕ್ಕೆ ಹುಟ್ಟಿದ್ದೇ ಅಲ್ಲ, ಅಂಗಡಿಯ ಮುಂಭಾಗಕ್ಕೆ ಮತ್ತು ಜಾಹೀರಾತಿಗೆ ಹುಟ್ಟಿದ್ದು.

ಕನ್ನಡಕ್ಕೂ ಕಚೇರಿಯ ಕೈಬರಹವಿತ್ತು. ಕಪ್ಪು ಬಳಿದ ಬಟ್ಟೆಯ ಕಡತಗಳ ಮೇಲೆ ಬಳಪದಿಂದ, ಆಮೇಲೆ ಕಾಗದದ ಮೇಲೆ ಲೇಖನಿಯಿಂದ, ಕೈ ಎತ್ತದೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಯುತ್ತಿದ್ದ ಮೋಡಿ ಬರಹ ಅದು. ಶೃಂಗೇರಿ ಮಠದ ಕಡತಗಳಿಂದ ಹಿಡಿದು ಹಳೆಯ ಕಂದಾಯದ ದಾಖಲೆಗಳವರೆಗೆ ಅದರ ಮಾದರಿಗಳು ಇಂದಿಗೂ ಉಳಿದಿವೆ, ಓದಬಲ್ಲವರು ಮಾತ್ರ ಕಡಿಮೆ. ವೆನಿಸಿನಲ್ಲಿ ಆದದ್ದು ಇಲ್ಲಿ ಆಗಲಿಲ್ಲ. 1817ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದಾಗಲೂ, ನಂತರ ಬಳ್ಳಾರಿ, ಬೆಂಗಳೂರು, ಮಂಗಳೂರುಗಳಲ್ಲಿ ಮಿಷನರಿಗಳು ಮುದ್ರಣಾಲಯ ನಡೆಸಿದಾಗಲೂ ಮೊಳೆಗೆ ಮಾದರಿಯಾದದ್ದು ಓಲೆಗರಿಯ ನಿಧಾನವಾದ, ದುಂಡಾದ, ಬಿಡಿಬಿಡಿಯಾದ ಅಕ್ಷರ. ಶಾನುಭೋಗನ ಕೈ ಮೊಳೆಯೊಳಗೆ ಬರಲೇ ಇಲ್ಲ. ಒಂದು ಅವಕಾಶ ಇತ್ತು ನಿಜ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕಲ್ಲಚ್ಚಿಗೆ ಮೊಳೆ ಬೇಕಿಲ್ಲ, ಕೈಯಲ್ಲಿ ಬರೆದದ್ದೇ ಪ್ರತಿಯಾಗುತ್ತದೆ. ಆ ದಾರಿಯಲ್ಲೇ ನಡೆದಿದ್ದರೆ ಕನ್ನಡದ ಹರಿವ ಬರಹಕ್ಕೂ ಅಚ್ಚಿನಲ್ಲಿ ಒಂದು ಸ್ಥಾನ ಸಿಗುತ್ತಿತ್ತೇನೋ. ಆದರೆ ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಮೊಳೆಯಚ್ಚಿಗೆ ಬದಲಾಯಿತು, ಮುಂದೆ ಗೆದ್ದದ್ದು ಮೊಳೆಯೇ.

ಮೊಳೆಯಲ್ಲಿ ಓರೆ ಅಕ್ಷರ ಯಾಕೆ ಬರಲಿಲ್ಲ ಎಂಬುದಕ್ಕೆ ರುಚಿಯ ಪ್ರಶ್ನೆಗಿಂತ ಲೆಕ್ಕದ ಪ್ರಶ್ನೆ ದೊಡ್ಡದು. ಇಂಗ್ಲಿಷಿನ ಒಂದು ಹೊಸ ಅಚ್ಚಿಗೆ ದೊಡ್ಡಕ್ಷರ ಇಪ್ಪತ್ತಾರು, ಸಣ್ಣಕ್ಷರ ಇಪ್ಪತ್ತಾರು, ಅಂಕಿ, ಚಿಹ್ನೆ ಸೇರಿದರೆ ಕೆಲಸ ಮುಗಿಯುತ್ತದೆ. ಕನ್ನಡಕ್ಕೆ ಮೂಲಾಕ್ಷರ, ಗುಣಿತದ ರೂಪಗಳು, ಪ್ರತಿ ವ್ಯಂಜನದ ಒತ್ತು, ಅರ್ಕಾವೊತ್ತು, ದೀರ್ಘದ ಬಾಲ ಎಲ್ಲ ಸೇರಿ ನೂರಾರು ಮೊಳೆ ಬೇಕು. ಅದೂ ಒಂದು ಗಾತ್ರಕ್ಕೆ. ಇನ್ನೊಂದು ಗಾತ್ರಕ್ಕೆ ಮತ್ತೆ ನೂರಾರು, ದಪ್ಪಕ್ಕೆ ಮತ್ತೆ ನೂರಾರು. ಓರೆಯ ಸರದಿ ಬರುವ ಹೊತ್ತಿಗೆ ಯಾವ ಎರಕದ ಮನೆಯ ಹಣವೂ ಮುಗಿದಿರುತ್ತಿತ್ತು. ಜೊತೆಗೆ ಲೋಹದ್ದೇ ಒಂದು ತೊಡಕು. ಓರೆ ಅಕ್ಷರದ ತುದಿ ಮೊಳೆಯ ಮೈಯನ್ನು ಮೀರಿ ಪಕ್ಕದ ಮೊಳೆಯ ಮೇಲೆ ಚಾಚುತ್ತದೆ, ಚಾಚಿದ್ದು ಮುರಿಯುತ್ತದೆ. ಇಂಗ್ಲಿಷಿನ ಓರೆ ಎಫ್ ಅಕ್ಷರ ಹೀಗೇ ಮುರಿಯುತ್ತಿತ್ತು. ಮೇಲೆ ಗುಡಿಸು, ಕೆಳಗೆ ಒತ್ತು, ಬಲಕ್ಕೆ ದೀರ್ಘ ಚಾಚುವ ಕನ್ನಡದಲ್ಲಿ ಆ ಅಪಾಯ ಹಲವು ಪಟ್ಟು. ಹೀಗಾಗಿ ಕನ್ನಡ ಮುದ್ರಕರು ಒತ್ತು ಕೊಡಬೇಕಾದ ಮಾತಿಗೆ ದಪ್ಪ ಮೊಳೆ ಹಾಕಿದರು, ಉದ್ಧರಣ ಚಿಹ್ನೆ ಹಾಕಿದರು, ಗಾತ್ರ ಹೆಚ್ಚಿಸಿದರು. ಓರೆಯನ್ನು ಬಿಟ್ಟೇಬಿಟ್ಟರು.

ಆ ಮೊಳೆಯ ಶ್ರೇಷ್ಠ ಸಾಧನೆಗಳಲ್ಲಿ ಒಂದು ಇದೇ ಸೀಮೆಗೆ ಸೇರಿದ್ದು. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ, ಕೋಲಾರ ಜಿಲ್ಲೆಯ ಶಾಸನಗಳದ್ದು, 1905ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ತಾಲ್ಲೂಕುವಾರು ಜೋಡಿಸಿದ ಆ ಸಂಪುಟದಲ್ಲಿ ಮುಳಬಾಗಿಲಿನ ಶಾಸನಗಳಿಗೆ ಅವುಗಳದೇ ಭಾಗವಿದೆ. ಗಂಗರು, ಬಾಣರು, ನೊಳಂಬರು ಕಾದಾಡಿದ ನೆಲವಿದು. ಹೊಯ್ಸಳ ವಿಷ್ಣುವರ್ಧನನ ರಾಜ್ಯಕ್ಕೆ ಪೂರ್ವದ ಎಲ್ಲೆಯೆಂದು ಶಾಸನಗಳು ಹೆಸರಿಸುವುದು ನಂಗಲಿಯ ಘಟ್ಟವನ್ನೇ. ಗಡಿಯ ಊರುಗಳಲ್ಲಿ ತುರು ಬಿಡಿಸಲು ಹೋಗಿ ಸತ್ತವರ ನೆನಪಿಗೆ ನಿಲ್ಲಿಸಿದ ವೀರಗಲ್ಲುಗಳು ಒಂಬತ್ತು, ಹತ್ತನೆಯ ಶತಮಾನದಿಂದಲೇ ಸಿಗುತ್ತವೆ. ವೀರಗಲ್ಲಿನ ಬರಹ ಪುಸ್ತಕದ ಬರಹವಲ್ಲ. ದಾರಿಹೋಕ ನಿಂತು ನೋಡಲೆಂದು, ಚಿತ್ರದ ನಡುವೆ ಸಿಕ್ಕಷ್ಟು ಜಾಗದಲ್ಲಿ ಹಿಡಿಸುವಂತೆ, ಅಕ್ಷರವನ್ನು ಹಿಗ್ಗಿಸಿ ಕುಗ್ಗಿಸಿ ಕಡೆದದ್ದು. ರೈಸ್ ಸಂಪುಟ ಅದನ್ನು ಓದಲು ಕೊಟ್ಟಿತು, ಆ ಉಪಕಾರವನ್ನು ಮರೆಯುವಂತಿಲ್ಲ. ಆದರೆ ನೂರು ಕೈಗಳು ಕಡೆದ ನೂರು ಬಗೆಯ ಅಕ್ಷರಗಳು ಅಲ್ಲಿ ಒಂದೇ ಮೊಳೆಯ ಒಂದೇ ಮುಖವಾಗಿ ಸಾಲುಗಟ್ಟಿದವು. ಕಲ್ಲಿನ ಮೇಲೆ ಅಕ್ಷರ ಎಷ್ಟು ದೊಡ್ಡದಿತ್ತು, ಸಾಲು ಹೇಗೆ ಬಾಗಿತ್ತು, ಕಡೆದವನು ಎಲ್ಲಿ ಇಕ್ಕಟ್ಟಿಗೆ ಸಿಕ್ಕಿದ್ದ ಎಂಬುದೆಲ್ಲ ಕೈಬಿಟ್ಟುಹೋಯಿತು. ನೋಡಲೆಂದು ಬರೆದದ್ದನ್ನು ಬರಿಯ ಓದಿಗೆ ಇಳಿಸುವ ಈ ಅಭ್ಯಾಸ ನಮ್ಮ ವಿದ್ವತ್ತಿಗೆ ಅಂದೇ ಅಂಟಿಕೊಂಡಿತು. ಬೋರ್ಡಿನ ಅಕ್ಷರ ಚರಿತ್ರೆಯ ಕಣ್ಣಿಗೆ ಬೀಳದಿರುವುದಕ್ಕೂ ಇದೇ ಕಾರಣವೆಂದು ನನಗನಿಸುತ್ತದೆ.

ಬಸ್ಸು ಬಂದಾಗ ಬೇಕಾದದ್ದು ನೋಡುವ ಅಕ್ಷರವೇ. ಯಾವ ಅಚ್ಚುಮನೆಯಲ್ಲೂ ಅದು ಇರಲಿಲ್ಲವಾದ್ದರಿಂದ ಪೇಂಟರ್ ಅದನ್ನು ಮಾಡಿಕೊಳ್ಳಬೇಕಾಯಿತು. ಅವನ ಸಾಮಾನು ಹೆಚ್ಚಿನದೇನಲ್ಲ: ಚಪ್ಪಟೆ ತುದಿಯ ಬ್ರಷ್ಷುಗಳು, ಎನಾಮಲ್ ಬಣ್ಣ, ಸೀಮೆಸುಣ್ಣ ಹಚ್ಚಿದ ದಾರ, ಕೈ ನಡುಗದಂತೆ ಆಸರೆಗೆ ಒಂದು ಕೋಲು. ಗೋಡೆಯಾದರೆ ಎನಾಮಲ್ಲಿನ ಬದಲು ಕಾವಿ ಮತ್ತು ನೀಲಿ. ದಾರವನ್ನು ಬಿಗಿಹಿಡಿದು ಮೀಟಿದರೆ ಸುಣ್ಣದ ಗೆರೆ ಬೀಳುತ್ತದೆ. ಮೇಲೊಂದು, ಕೆಳಗೊಂದು, ಒತ್ತಿಗೆ ಇನ್ನೊಂದು. ‘ಬೈರಕೂರು’ ಎಂದು ಬಸ್ಸಿನ ಹಣೆಯ ಮೇಲೆ ಬರೆಯುವ ಕೆಲಸವನ್ನೇ ತೆಗೆದುಕೊಳ್ಳಿ. ನಾಲ್ಕೇ ಅಕ್ಷರ, ಒತ್ತಕ್ಷರ ಒಂದೂ ಇಲ್ಲ, ಬರೆಯುವವನಿಗೆ ಸುಲಭದ ಹೆಸರು. ಆದರೂ ‘ಬೈ’ ಅಕ್ಷರದ ಐತ್ವ ಕೆಳಗೆ ಬಲಕ್ಕೆ ಇಳಿದು ಮುಂದಿನ ‘ರ’ ಅಕ್ಷರದ ಜಾಗಕ್ಕೆ ಕೈ ಹಾಕುತ್ತದೆ. ನೆಟ್ಟಗೆ ಬರೆದರೆ ಒಂದೋ ‘ರ’ ದೂರ ಸರಿಯಬೇಕು, ಇಲ್ಲವೇ ಐತ್ವ ಸಣ್ಣದಾಗಬೇಕು. ಅಕ್ಷರವನ್ನು ಬಲಕ್ಕೆ ಓರೆ ಮಾಡಿದಾಗ ಸಾಲಿನ ಗೆರೆಗಿಂತ ಮೇಲಿರುವುದು ಬಲಕ್ಕೆ ಸರಿಯುತ್ತದೆ, ಕೆಳಗಿರುವುದು ಎಡಕ್ಕೆ ಸರಿಯುತ್ತದೆ. ಐತ್ವ ತಾನಾಗಿ ‘ಬ’ದ ಅಡಿಗೆ ಹೋಗಿ ಕೂರುತ್ತದೆ, ‘ರ’ ಹತ್ತಿರ ಬರುತ್ತದೆ, ಪದ ಒಂದೇ ಗಂಟಾಗಿ ಬಿಗಿಯುತ್ತದೆ. ಇನ್ನು ಬೋರ್ಡುಗಳ ಮೇಲೆ ಹೆಚ್ಚಾಗಿ ಬರುವ ಪದಗಳನ್ನು ನೆನೆಯಿರಿ: ಟ್ರಾನ್ಸ್‌ಪೋರ್ಟ್, ಎಕ್ಸ್‌ಪ್ರೆಸ್, ಎಲೆಕ್ಟ್ರಿಕಲ್ಸ್, ಎಂಟರ್‌ಪ್ರೈಸಸ್. ಇಂಗ್ಲಿಷಿನಿಂದ ಬಂದ ಈ ಪದಗಳ ತುಂಬ ಒತ್ತು, ಅರ್ಕಾವೊತ್ತು. ಕನ್ನಡದ ದೇಸಿ ಪದಗಳಿಗಿಂತ ಹೆಚ್ಚಿನ ಭಾರ ಸಾಲಿನ ಕೆಳಗೆ. ಆ ಒತ್ತುಗಳನ್ನೆಲ್ಲ ಎಡಕ್ಕೆಳೆದು ಮೂಲಾಕ್ಷರದ ಕೆಳಗೆ ಸೇರಿಸುವ ಓರೆ, ಬರಿಯ ಅಲಂಕಾರವಾಗಿ ಬರಲಿಲ್ಲ. ಇಕ್ಕಟ್ಟಾದ ತಗಡಿನ ಮೇಲೆ ಉದ್ದದ ಪದವನ್ನು ಹಿಡಿಸುವ ಉಪಾಯವಾಗಿಯೂ ಬಂತು.

ಗಡಿಸೀಮೆಯ ಪೇಂಟರಿಗೆ ಇನ್ನೊಂದು ಕೆಲಸವೂ ಇತ್ತು. ಕೋಲಾರ ಜಿಲ್ಲೆಯ ಈ ಭಾಗದಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವವರು ಬಹಳ ಮಂದಿ. ನಂಗಲಿ ದಾಟಿದ ಲಾರಿಗೆ ಎರಡೂ ಲಿಪಿ ಬೇಕು. ಒಂದೇ ಮೂಲದಿಂದ ಕವಲೊಡೆದ ಈ ಲಿಪಿಗಳ ಮೈ ಬಹಳ ಮಟ್ಟಿಗೆ ಒಂದೇ, ಎದ್ದು ಕಾಣುವ ಭೇದ ತಲೆಕಟ್ಟಿನಲ್ಲಿ. ಕನ್ನಡದ ತಲೆಕಟ್ಟು ಅಡ್ಡಗೆರೆಯಾಗಿ ಮಲಗುತ್ತದೆ, ತೆಲುಗಿನದು ಸರಿಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ನೆಟ್ಟಗಿನ ಬರಹದಲ್ಲಿ ಈ ಭೇದ ದೂರದಿಂದ ಅಷ್ಟು ಕಾಣದು. ಓರೆ ಮಾಡಿದರೆ ಕಾಣುತ್ತದೆ. ಅಡ್ಡಗೆರೆ ಓರೆಯಾದರೂ ಅಡ್ಡವಾಗಿಯೇ ಉಳಿಯುತ್ತದೆ, ಆದ್ದರಿಂದ ಕನ್ನಡದ ಓರೆ ಪದದ ತಲೆಯ ಮೇಲೆ ಅಡ್ಡಗೆರೆಗಳ ಸಾಲು ಹಾಗೇ ನಿಂತು ಪದವನ್ನು ಕಟ್ಟಿ ಹಿಡಿಯುತ್ತದೆ. ತೆಲುಗಿನ ಗುರುತು ಇನ್ನಷ್ಟು ಚೂಪಾಗಿ ಮುಂದಕ್ಕೆ ಬೀಳುತ್ತದೆ. ಎರಡನ್ನೂ ಬರೆಯುವ ಕೈ ಈ ಭೇದವನ್ನು ಪಾಠದಿಂದ ಕಲಿತದ್ದಲ್ಲ, ಮಾಡಿ ಮಾಡಿ ಕಲಿತದ್ದು. ಕನ್ನಡ ಅಕ್ಷರದ ಸ್ವಭಾವವನ್ನು ಕುರಿತು ಇದಕ್ಕಿಂತ ಸೂಕ್ಷ್ಮವಾದ ತಿಳಿವು ಆ ಕಾಲದ ಅಚ್ಚುಮನೆಗಳಲ್ಲಿ ಇತ್ತೆಂದು ಹೇಳಲಾರೆ.

ಯಾವ ಬರಹ ನೆಟ್ಟಗೆ, ಯಾವುದು ಓರೆ ಎಂಬುದರಲ್ಲೂ ಕ್ರಮೇಣ ಒಂದು ವಾಡಿಕೆ ಬೆಳೆಯಿತು. ಸಾಮಾನ್ಯವಾಗಿ ಸರಕಾರಿ ಕಚೇರಿ, ಶಾಲೆ, ಹಾಲು ಉತ್ಪಾದಕರ ಸಹಕಾರ ಸಂಘದ ಹಲಗೆ, ಮೈಲಿಗಲ್ಲು, ಇವೆಲ್ಲ ನೆಟ್ಟಗೆ. ನಿಂತಲ್ಲೇ ನಿಲ್ಲುವ, ಅಧಿಕಾರದಿಂದ ಮಾತಾಡುವ ಬರಹಗಳು ಅವು. ಖಾಸಗಿ ಬಸ್ಸಿನ ಮಗ್ಗುಲು, ಲಾರಿಯ ಹಿಂಭಾಗ, ಟ್ರ್ಯಾಕ್ಟರ್ ಟ್ರೈಲರು, ಸೈಕಲ್ ಶಾಪು, ವೆಲ್ಡಿಂಗ್ ಅಂಗಡಿ, ಗೊಬ್ಬರ ಮತ್ತು ಬೀಜದ ಜಾಹೀರಾತು, ಇವು ಓರೆ. ಅಂಗಡಿಯ ಹೆಸರು ನೆಟ್ಟಗಿದ್ದರೂ ಮಾಲೀಕನ ಹೆಸರು ಅದರ ಕೆಳಗೆ ಓರೆಯಾಗಿ ಬರುವುದುಂಟು. ಚುನಾವಣೆಯ ಗೋಡೆಬರಹಕ್ಕೆ ಓರೆ ಹೇಳಿ ಮಾಡಿಸಿದಂತಿತ್ತು. ಊರ ಹೊರಗಿನ ಉದ್ದನೆಯ ಕಾಂಪೌಂಡಿನ ಮೇಲೆ ಪಕ್ಷದವರು ಮೊದಲೇ ಸುಣ್ಣ ಬಳಿದು ಜಾಗ ಕಾಯ್ದಿರಿಸುತ್ತಿದ್ದರು. ನಾಲ್ಕೈದು ಪದಗಳಲ್ಲಿ ಇಡೀ ಗೋಡೆ ತುಂಬಬೇಕು, ರಾತ್ರಿ ಬೆಳಗಾಗುವುದರೊಳಗೆ ಮುಂದಿನ ಊರಿಗೆ ಹೋಗಬೇಕು. ದಪ್ಪ ಬ್ರಷ್ಷಿನಲ್ಲಿ ಒಂದೇ ಅಗಲದ ಓರೆ ಗೆರೆಗಳು ಆ ಅವಸರಕ್ಕೆ ಒದಗಿದವು. ತೆರೆದ ಸ್ಥಳಗಳು ಅಂದಗೆಡುವುದನ್ನು ತಡೆಯಲು ರಾಜ್ಯ 1981ರಲ್ಲಿ ಕಾಯಿದೆ ಮಾಡಿತು. 1990ರ ದಶಕದಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಗೋಡೆಬರಹಕ್ಕೆ ನಿಜವಾದ ಕಡಿವಾಣ ಬಿತ್ತು. ಕಾಯಿದೆ ಮಾಡಿ ತಡೆಯಬೇಕಾದಷ್ಟು ಆ ಬರಹ ಹಬ್ಬಿತ್ತು ಎಂಬುದೇ ಅದರ ವ್ಯಾಪ್ತಿಗೆ ಸಾಕ್ಷಿ.

ಗೋಡೆಯಿಂದ ಅದು ಕಾಗದಕ್ಕೂ ನುಗ್ಗಿತು, ಆದರೆ ಮೊಳೆಯ ಬಾಗಿಲಿನಿಂದ ಅಲ್ಲ. ಸಿನಿಮಾ ಪೋಸ್ಟರಿನ ಹೆಸರನ್ನು ಕಲಾವಿದರು ಕೈಯಲ್ಲಿ ಬರೆದರು, ಅದು ಲಿಥೊ, ಆಫ್‌ಸೆಟ್‌ಗಳಲ್ಲಿ ಅಚ್ಚಾಯಿತು. ಪತ್ರಿಕೆಯ ಜಾಹೀರಾತಿಗೆ ಅದನ್ನೇ ಫೋಟೊ ಹಿಡಿದು ಸತುವಿನ ಬ್ಲಾಕ್ ಮಾಡಿಸಿದರು. ವಾರಪತ್ರಿಕೆಗಳಲ್ಲಿ ಕಥೆ, ಧಾರಾವಾಹಿಗಳ ಶೀರ್ಷಿಕೆಯನ್ನು ಚಿತ್ರ ಬರೆದವರೇ ಬರೆದುಕೊಡುತ್ತಿದ್ದ ಕಾಲವದು. 1965ರಲ್ಲಿ ಆರಂಭವಾದ ‘ಸುಧಾ’ದಂಥ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ತಿರುವಿದರೆ ಒಳಗಿನ ಕಾಲಂಗಳಲ್ಲಿ ಮೊಳೆಯ ನೆಟ್ಟಗಿನ ಅಕ್ಷರ, ತಲೆಯ ಮೇಲೆ ಕೈಯ ಬಳುಕು, ಎರಡೂ ಒಂದೇ ಪುಟದಲ್ಲಿ ಕಾಣುತ್ತವೆ. ಮೊಳೆಗೆ ಸಾಧ್ಯವಾಗದ್ದನ್ನು ಕೈ ತುಂಬಿಕೊಟ್ಟಿದೆ.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ, ಓರೆ ಇಂಗ್ಲಿಷಿನಿಂದ ಎರವಲು ತಂದದ್ದು, ದುಂಡಗಿನ ಕನ್ನಡಕ್ಕೆ ಅದು ಒಗ್ಗದು ಎಂಬುದು. ಪೇಂಟರುಗಳು ಇಂಗ್ಲಿಷ್ ಬೋರ್ಡು, ಸಿನಿಮಾ, ಕಂಪನಿ ಡಬ್ಬಗಳನ್ನು ನೋಡಿ ಓರೆಯ ರುಚಿ ಕಲಿತರೆಂಬುದು ಸುಳ್ಳಲ್ಲ. ಈ ಜಿಲ್ಲೆಯಲ್ಲಂತೂ ಚಿನ್ನದ ಗಣಿಯ ಊರಿನ ಇಂಗ್ಲಿಷ್ ಫಲಕಗಳು ಕಣ್ಣೆದುರೇ ಇದ್ದವು. ಆದರೆ ಎರವಲು ಎಂಬುದೇ ದೋಷವಾದರೆ ದಪ್ಪ ಮೊಳೆಯೂ ಎರವಲು, ಪೂರ್ಣವಿರಾಮವೂ ಎರವಲು, ಅಚ್ಚೇ ಎರವಲು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಇಪ್ಪತ್ತರ ಹರೆಯದಲ್ಲೇ ‘ಭಾರತಿ’ ಪತ್ರಿಕೆ ನಡೆಸಿ, ಪರದೇಶದಿಂದ ಬಂದ ಪತ್ರಿಕೋದ್ಯಮವನ್ನು ಕನ್ನಡದ್ದನ್ನಾಗಿ ಮಾಡಿಕೊಂಡವರು. ಎರವಲು ತಂದದ್ದನ್ನು ನಮ್ಮ ಅಗತ್ಯಕ್ಕೆ ಬಾಗಿಸಿಕೊಂಡೆವೇ ಎಂಬುದೊಂದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಐತ್ವ, ಒತ್ತುಗಳ ನೆಲೆಯನ್ನು ಪೇಂಟರುಗಳು ನಿಭಾಯಿಸಿದ ರೀತಿ ನೋಡಿದರೆ ಬಾಗಿಸಿಕೊಂಡೆವು ಎಂದೇ ಹೇಳಬೇಕು. ಅದಲ್ಲದೆ ಓರೆ ನಮಗೆ ಪೂರ್ತಿ ಪರಕೀಯವೂ ಅಲ್ಲ. ಅವಸರದಲ್ಲಿ ಬರೆಯುವ ಯಾವ ಕೈಯೂ ವಾಲುತ್ತದೆ, ಹರಿಯುತ್ತದೆ. ಮೋಡಿ ಬರಹ ಅದನ್ನೇ ಮಾಡಿತ್ತು. ಅಚ್ಚು ಮುರಿದ ಆ ಎಳೆಯನ್ನು, ತಿಳಿದೋ ತಿಳಿಯದೆಯೋ, ಬ್ರಷ್ಷು ಮತ್ತೆ ಹಿಡಿಯಿತು.

ಎರಡನೆಯ ಆಕ್ಷೇಪ ಓದಿನ ಅನುಕೂಲದ್ದು. ಓರೆ ದಪ್ಪದಲ್ಲಿ ಅಚ್ಚಾದ ಪುಟ ಕಣ್ಣಿಗೆ ಹಿಂಸೆ ಎನ್ನುತ್ತಾರೆ. ಒಪ್ಪುತ್ತೇನೆ. ಪುಟಗಟ್ಟಲೆ ಓದುವ ಗದ್ಯಕ್ಕೆ ಕನ್ನಡದಲ್ಲಿ ಓರೆ ಬೇಡ, ಕನ್ನಡ ಪುಸ್ತಕ ಅದಿಲ್ಲದೆ ಎರಡು ನೂರು ವರ್ಷ ಚೆನ್ನಾಗಿಯೇ ನಡೆದಿದೆ. ಆದರೆ ಇದು ಒಂದು ಪದಕ್ಕೆ, ಹೆಚ್ಚೆಂದರೆ ಒಂದು ಸಾಲಿಗೆ ಹುಟ್ಟಿದ ಅಕ್ಷರ. ವಡ್ಡಹಳ್ಳಿಯ ಟೊಮೆಟೊ ಮಾರು­ಕಟ್ಟೆಯಲ್ಲಿ ಹದಿನೈದು ಕಿಲೋ ಹಿಡಿಯುವ ಕ್ರೇಟುಗಳು ಆಳೆತ್ತರ ಪೇರಿಸಿರುವಾಗ ಯಾವುದು ಯಾವ ಮಂಡಿಯದು ಎಂದು ದೂರದಿಂದಲೇ ತಿಳಿಯಬೇಕು. ಓಡುವ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಾಗಲೇ ಅದು ತನ್ನೂರಿಗೆ ಹೋಗುವುದೋ ಇಲ್ಲವೋ ಎಂದು ಚೀಲ ಹಿಡಿದು ನಿಂತವನಿಗೆ ಗೊತ್ತಾಗಬೇಕು. ಇಂಥ ಕೆಲಸಕ್ಕೆ ಹುಟ್ಟಿದ್ದನ್ನು ಕಾದಂಬರಿಯ ಪುಟದ ಅಳತೆಗೋಲಿನಿಂದ ಅಳೆದು ಕೈಬಿಡುವುದು ನ್ಯಾಯವಲ್ಲ.

ಮೂರನೆಯದು ಹೆಚ್ಚು ಗಟ್ಟಿಯಾದ ಆಕ್ಷೇಪ. ಈಗ ಕಂಪ್ಯೂಟರ್ ಇದೆ, ಒಂದು ಗುಂಡಿ ಒತ್ತಿದರೆ ಯಾವ ಅಕ್ಷರವೂ ಓರೆಯಾಗುತ್ತದೆ, ಪೇಂಟರಿನ ಅಕ್ಷರ ಫ್ಲೆಕ್ಸಿನಲ್ಲಿ ಮುಂದುವರಿದೇ ಇದೆಯಲ್ಲ ಎಂದು ಕೇಳಬಹುದು. ಮುಂದುವರಿದಿಲ್ಲ ಎಂಬುದನ್ನು ಕಣ್ಣಿಂದಲೇ ನೋಡಬಹುದು. ಹೆಚ್ಚುಕಡಿಮೆ ದುಂಡಗಿರುವ ‘ರ’ ಅಕ್ಷರವನ್ನೇ ಮತ್ತೆ ತೆಗೆದುಕೊಳ್ಳಿ. ಎಲ್ಲ ಕಡೆ ಒಂದೇ ದಪ್ಪದ ಬಳೆಯಂಥ ಗೆರೆಯನ್ನು ಯಂತ್ರ ಬಲಕ್ಕೆ ಎಳೆದರೆ, ಅದರ ಬಲ ಮೇಲ್ಭಾಗವೂ ಎಡ ಕೆಳಭಾಗವೂ ಉಬ್ಬುತ್ತವೆ, ಎಡ ಮೇಲ್ಭಾಗವೂ ಬಲ ಕೆಳಭಾಗವೂ ಸೊರಗುತ್ತವೆ. ಇಂಗ್ಲಿಷಿನ ಐ, ಎಲ್, ಟಿ ಅಕ್ಷರಗಳು ನೆಟ್ಟಗಿನ ಕಡ್ಡಿಗಳಾದ್ದರಿಂದ ಈ ವಿಕಾರ ಅಲ್ಲಿ ಅಷ್ಟು ಕಾಣುವುದಿಲ್ಲ. ಮೈಯೆಲ್ಲ ದುಂಡಾದ ಕನ್ನಡದಲ್ಲಿ ಅದು ಅಕ್ಷರ ಅಕ್ಷರಕ್ಕೂ ಎದ್ದು ಕಾಣುತ್ತದೆ. ಪೇಂಟರ್ ಬ್ರಷ್ ತಿರುಗಿಸುತ್ತ ಹೋಗುವುದರಿಂದ ಗೆರೆಯ ಅಗಲ ಎಲ್ಲ ಕಡೆ ಒಂದೇ ಇರುತ್ತದೆ, ವಾಲುವುದು ನಿಲುವು ಮಾತ್ರ. ಯಂತ್ರಕ್ಕೆ ಆ ವಿವೇಕವನ್ನು ಯಾರಾದರೂ ಮೊದಲೇ ಕಲಿಸಿರಬೇಕು, ಅಂದರೆ ಓರೆಯನ್ನು ಓರೆಯಾಗಿಯೇ ವಿನ್ಯಾಸ ಮಾಡಿದ ಫಾಂಟ್ ಬೇಕು. ಕನ್ನಡದಲ್ಲಿ ಅದೇ ಇಲ್ಲ ಎನ್ನುವಷ್ಟು ಅಪರೂಪ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಇವು ಕನ್ನಡವನ್ನು ಕಂಪ್ಯೂಟರಿಗೆ ಮುಟ್ಟಿಸಿದ ದೊಡ್ಡ ಕೆಲಸಗಳು. ಈಚೆಗೆ ಎಲ್ಲರಿಗೂ ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ, ಏಕ್ ಟೈಪ್ ಸಂಸ್ಥೆಯ ಬಾಲೂ ತಮ್ಮ ಮತ್ತು ಅನೇಕ್ ಕನ್ನಡ, ಇವು ಬಾಲವಿಲ್ಲದ ದಪ್ಪ ಅಕ್ಷರದಲ್ಲಿ ಸೊಗಸಾದ ಸಾಧನೆಗಳು. ತೆಳುವಿನಿಂದ ಕಡುದಪ್ಪದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹಲವು ತೂಕಗಳು ನೋಟೊ, ಅನೇಕ್‌ಗಳಲ್ಲಿವೆ. ಇವು ಯಾವುದರಲ್ಲೂ ಕನ್ನಡದ ಓರೆ ರೂಪವಿಲ್ಲ. ಹತ್ತೊಂಬತ್ತನೆಯ ಶತಮಾನದ ಎರಕದ ಮನೆ ಬಿಟ್ಟ ಖಾಲಿ ಜಾಗ ಇಪ್ಪತ್ತೊಂದನೆಯ ಶತಮಾನದ ಫಾಂಟಿನಲ್ಲೂ ಖಾಲಿಯೇ ಇದೆ. ಅದು ತುಂಬಿದ್ದದ್ದು ರಸ್ತೆಯಲ್ಲಿ ಮಾತ್ರ.

ರಸ್ತೆಯಲ್ಲೂ ಅದೀಗ ಅಳಿಯುತ್ತಿದೆ. ಫ್ಲೆಕ್ಸ್ ಬಂದ ಮೇಲೆ ಎನಾಮಲ್ ಬೋರ್ಡಿಗೆ ಕೆಲಸ ಕಡಿಮೆಯಾಯಿತು. 2016ರ ಮಾರ್ಚಿನಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಜೊತೆಗೆ ಫ್ಲೆಕ್ಸ್, ಬ್ಯಾನರುಗಳನ್ನೂ ನಿಷೇಧಿಸಿತು, ಆಗ ಬ್ರಷ್ಷಿಗೆ ಮರುಜೀವ ಬರಬಹುದೆಂಬ ಆಸೆ ಹುಟ್ಟಿದ್ದುಂಟು. ನಿಷೇಧ ಜಾರಿಯಾದಷ್ಟೇ ಆಯಿತು, ಹಲವೆಡೆ ಆಗಲಿಲ್ಲ. ಹಾಗೆ ನೋಡಿದರೆ ಉತ್ತರ ಭಾರತ ಈ ವಿಷಯದಲ್ಲಿ ನಮಗಿಂತ ಮೊದಲು ಎಚ್ಚೆತ್ತಿತು. ದೆಹಲಿಯ ಕಲಾವಿದ ಹನೀಫ್ ಕುರೇಶಿ ಬೀದಿಯ ಪೇಂಟರುಗಳ ಅಕ್ಷರಗಳನ್ನು ಬರೆಸಿ, ಅವುಗಳನ್ನು ಫಾಂಟುಗಳಾಗಿ ಮಾಡಿ, ಆ ಫಾಂಟುಗಳಿಗೆ ಪೇಂಟರುಗಳ ಹೆಸರನ್ನೇ ಇಟ್ಟರು. 2024ರಲ್ಲಿ ಅವರು ತೀರಿಕೊಂಡರು. ಅವರ ಆ ಸಂಗ್ರಹ ಉಳಿದಿದೆ. ಕನ್ನಡದ ಬ್ರಷ್ಷಿಗೆ, ಅದರಲ್ಲೂ ಎರಡು ಲಿಪಿಗಳ ನಡುವೆ ಪಳಗಿದ ಗಡಿಸೀಮೆಯ ಬ್ರಷ್ಷಿಗೆ, ಅಂಥ ಗಂಭೀರ ಪ್ರಯತ್ನ ಆಗಬೇಕಾಗಿದೆ.

ಅದಕ್ಕೆ ಇದು ತಕ್ಕ ಸಮಯವೂ ಹೌದು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ 2024ರಲ್ಲಿ ಆದ ತಿದ್ದುಪಡಿಯಿಂದಾಗಿ ನಾಮಫಲಕಗಳ ಶೇಕಡ 60ರಷ್ಟು ಭಾಗ, ಅದೂ ಮೇಲ್ಭಾಗ, ಕನ್ನಡದಲ್ಲಿರಬೇಕು. ಜಾಗವನ್ನು ಕಾನೂನು ಗೆದ್ದುಕೊಟ್ಟಿದೆ. ಆ ಜಾಗದಲ್ಲಿ ಯಂತ್ರ ಎಳೆದು ವಿಕಾರ ಮಾಡಿದ ಅಕ್ಷರ ತುಂಬುವುದೋ, ಕನ್ನಡದ ಮೈ ಬಲ್ಲ ಅಕ್ಷರ ತುಂಬುವುದೋ ಎಂಬುದನ್ನು ಕಾನೂನು ಹೇಳಲಾರದು. ಬೆಂಗಳೂರಿನ ಹೋಟೆಲುಗಳು ‘ಮುಳಬಾಗಿಲು ದೋಸೆ’ ಎಂದು ಬೋರ್ಡ್ ಹಾಕುತ್ತವೆ, ಮುಳಬಾಗಿಲಿನ ಕೈಬರಹ ಆ ಬೋರ್ಡಿನ ಮೇಲೆ ಇರುವುದಿಲ್ಲ. ಇರಬಹುದಾಗಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಶಾಸನಗಳಿಗೆ ತೋರಿಸಿದ ಶ್ರದ್ಧೆಯನ್ನು ಬೋರ್ಡುಗಳಿಗೂ ತೋರಿಸಲಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಒಂದೊಂದು ತಾಲ್ಲೂಕಿನಲ್ಲೂ ಉಳಿದಿರುವ ಪೇಂಟರುಗಳಿಂದ ಅಕಾರದಿಂದ ಳಕಾರದವರೆಗೆ, ಗುಣಿತ, ಒತ್ತು ಸಮೇತ, ನೆಟ್ಟಗೆ ಒಂದು ಸಲ, ಓರೆಯಾಗಿ ಒಂದು ಸಲ ಬರೆಸಿಟ್ಟುಕೊಳ್ಳಲಿ. ಫಾಂಟ್ ಮಾಡುವ ಯುವಕ ಯುವತಿಯರು ಕನ್ನಡಕ್ಕೆ ಒಂದು ನಿಜವಾದ ದಪ್ಪ ಓರೆ ಅಕ್ಷರ ಕೊಡಲು ಕೂತರೆ ಮಾದರಿಗಾಗಿ ಇಂಗ್ಲಿಷ್ ಕಡೆ ನೋಡಬೇಕಾಗಿಲ್ಲ, ಮುಳಬಾಗಿಲಿನಿಂದ ನಂಗಲಿಯವರೆಗಿನ ರಸ್ತೆಯನ್ನು ನೋಡಿದರೆ ಸಾಕು. ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು: ನಿಮ್ಮೂರಿನ ಅಂಗಡಿಯ ಹಳೆಯ ತಗಡಿನ ಬೋರ್ಡನ್ನು ಗುಜರಿಗೆ ಹಾಕುವ ಮುಂಚೆ ಅದರ ಒಂದು ಫೋಟೊ ತೆಗೆದಿಡಿ, ಮೂಲೆಯಲ್ಲಿ ಪೇಂಟರಿನ ಹೆಸರಿದ್ದರೆ ಅದನ್ನೂ ಸೇರಿಸಿ.